ಆನೆ ಬಂದ ರಾತ್ರಿ

ಮಕ್ಕಳೇ, ಬೈಲಕುಪ್ಪೆಯ ಚಿನ್ನದ ದೇಗುಲವನ್ನು ನೀವು ನೋಡಿರಬಹುದು. ನಮ್ಮೂರು ಅದರ ಹತ್ತಿರದಲ್ಲೇ, ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ.

1959ರಲ್ಲಿ ದಲೈ ಲಾಮಾ ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು. ಹಿಂದೆಯೇ ಸಾವಿರಾರು ಜನ. ಮರುವರ್ಷ ಮೈಸೂರು ಸರ್ಕಾರ ಅವರಿಗೆಂದು ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕೊಟ್ಟಿತು. ಆಗ ನಾನು ನಿಮ್ಮಷ್ಟೇ ಇದ್ದೆ.

"ದನ ಮೇಯೋ ಕಾಡೂ ಹೋಯ್ತಲ್ಲ!" ಎಂದು ಅಪ್ಪ ದಿನಾ ಗೊಣಗುತ್ತಿದ್ದರು. ಸುಮ್ಮನೆ ಅಲ್ಲ, ನಮಗಿದ್ದ ಹೊಲ ಎರಡೇ ಎಕರೆ, ದನ ಆರು.

ಬಂದವರ ಪಾಡೂ ಸುಖದ್ದಲ್ಲ. ಚಳಿನಾಡಿನವರು ನಮ್ಮ ಬಿಸಿಲಲ್ಲಿ ಮರ ಕಡಿದು, ಬೇರು ಕಿತ್ತು, ಮುಸುಕಿನ ಜೋಳ ಬಿತ್ತಿದರು. ಆನೆ ಬಂದು ತುಳಿದು ಹೋಗುತ್ತಿತ್ತು. ಒಂದು ರಾತ್ರಿ ನಮ್ಮ ಹೊಲಕ್ಕೂ ನುಗ್ಗಿತು. ತಮಟೆ, ಡಬ್ಬ ಬಡಿಯುತ್ತ ಓಡಿಬಂದವರಲ್ಲಿ ಅರ್ಧ ಜನ ಟಿಬೆಟಿನವರು! ಅಪ್ಪನ ಗೊಣಗಾಟ ಅಂದಿಗೇ ನಿಲ್ಲಲಿಲ್ಲ, ಕಡಿಮೆಯಾಯಿತು. ಮುಂದೆ ಅವರ ಹೊಲಕ್ಕೆ ಕೂಲಿಗೂ ಹೋದರು.

ಈಗ ಅಲ್ಲಿಯ ಸ್ವೆಟರ್ ಅಂಗಡಿಯ ಅಜ್ಜಿ ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ, ನಾನೇ ಸೋಲುತ್ತೇನೆ. ಅವರ ಮಗಳು ಕೆನಡಾದಲ್ಲಿ, ನನ್ನ ಮಗ ಅಮೆರಿಕದಲ್ಲಿ.

ಮೊನ್ನೆ ಮೊಮ್ಮಗಳು ಅಲ್ಲಿಂದ ಫೋನ್ ಮಾಡಿ, "ತಾತ, ಕ್ಲಾಸಲ್ಲಿ ಒಬ್ಬಳು ನಿಮ್ಮ ದೇಶಕ್ಕೆ ಹೋಗು ಅಂದಳು" ಎಂದಳು. ನನಗೆ ಅಪ್ಪ ನೆನಪಾದರು. ಅವಳಿಗೆ ಆ ರಾತ್ರಿಯ ಆನೆಯ ಕತೆ ಹೇಳಿದೆ.