ಬಗ್ಗಿ ಕಾಲ್ಬೆರಳು ಮುಟ್ಟಿ ನೋಡಿ

ವ್ಯಾಯಾಮ ಮಾಡಿ ಎಂದು ರೈತ ಬಾಂಧವರಿಗೆ ಹೇಳಿದರೆ ನಗು ಬರುವುದು ಸಹಜ. ಬೆಳಗಾದರೆ ಹೊಲ, ಸಂಜೆಯಾದರೆ ಕೊಟ್ಟಿಗೆ; ಪೇಟೆಯಲ್ಲಿ ಕುರ್ಚಿಯ ಮೇಲೆ ಕೂತು ದುಡಿಯುವವರಿಗೆ ಬೇಕಾದ್ದು ನಮಗೇಕೆ ಎಂದು ಕೇಳುತ್ತೀರಿ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎಂಬ ಗಾದೆಯೂ ರಾಗಿ ಉಣ್ಣುವ ಸೀಮೆಯದೇ. ಆದರೂ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಯಾವ ಊರಿನ ಅರಳಿಕಟ್ಟೆಯಲ್ಲಿ ಕೂತು ಕೇಳಿದರೂ, ನಲವತ್ತು ದಾಟಿದವರ ಮಾತು ಮಳೆಯಿಂದ ಶುರುವಾಗಿ ಮಂಡಿನೋವಿಗೆ, ಸೊಂಟದ ಹಿಡಿತಕ್ಕೆ ಬಂದು ನಿಲ್ಲುತ್ತದೆ. ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರೂ ಈಗ ಹಳ್ಳಿಗಳಲ್ಲಿ ಕಡಿಮೆಯೇನಿಲ್ಲ.

ಕಾರಣ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಿಮ್ಮ ಹಿರಿಯರು ಕಪಿಲೆ ಹೊಡೆದು ನೀರೆತ್ತಿದರು. ನೀವು ಮೋಟಾರಿನ ಗುಂಡಿ ಒತ್ತುತ್ತೀರಿ. ಅವರು ಸಂತೆಗೆ ನಡೆದು ಹೋದರು. ನೀವು ಹಾಲಿನ ಡೇರಿಗೂ ಬೈಕು ತೆಗೆಯುತ್ತೀರಿ. ಇದು ತಪ್ಪಲ್ಲ, ಮತ್ತೆ ಕಪಿಲೆ ಹೂಡಿರೆಂದು ಯಾರೂ ಹೇಳುವುದಿಲ್ಲ. ಆದರೆ ಉಳಿದಿರುವ ಮೈಗೆಲಸವೂ ವರ್ಷವಿಡೀ ಒಂದೇ ಸಮ ಇಲ್ಲ ಎಂಬುದನ್ನು ಗಮನಿಸಿ. ಮುಂಗಾರಿನಲ್ಲಿ ಕಡಲೆಕಾಯಿ ಬಿತ್ತಿ, ಕಳೆ ತೆಗೆದು, ದೀಪಾವಳಿಯ ಆಸುಪಾಸಿಗೆ ಕಿತ್ತು ಒಕ್ಕುವವರೆಗೆ ಬಿಡುವಿಲ್ಲದ ದುಡಿತ. ಸಂಕ್ರಾಂತಿ ಕಳೆದ ಮೇಲೆ ಮುಂದಿನ ಮಳೆಯವರೆಗೆ ಖುಷ್ಕಿಯವರಿಗೆ ಕಟ್ಟೆಯೇ ಗತಿ. ನಾಲ್ಕೈದು ತಿಂಗಳು ಕೂತ ಮೈಯನ್ನು ಮೊದಲ ಹದ ಮಳೆಗೆ ಒಮ್ಮೆಲೇ ಬಗ್ಗಿಸಿದರೆ ಬೆನ್ನು ಹಿಡಿಯದೆ ಇನ್ನೇನಾದೀತು? ಕೊಟ್ಟಿಗೆಯಲ್ಲಿ ಬಿಡುವಾಗಿ ನಿಂತ ಎತ್ತನ್ನು ನೀವು ಮೊದಲ ದಿನವೇ ಸಂಜೆಯ ತನಕ ಉಳುವುದಕ್ಕೆ ಹೂಡುತ್ತೀರಾ? ಎತ್ತಿಗೆ ತೋರುವ ಈ ವಿವೇಕವನ್ನು ಸ್ವಂತ ಬೆನ್ನಿಗೂ ತೋರಬೇಕು.

ಪಾವಗಡದ ತಿರುಮಣಿ ಕಡೆಯ ಸಂಗತಿ ಇನ್ನೂ ಬೇರೆ. ಅಲ್ಲಿ ರೈತರು ಸುಮಾರು 13,000 ಎಕರೆ ಜಮೀನನ್ನು ಸೌರ ವಿದ್ಯುತ್ ಪಾರ್ಕಿಗೆ ಗುತ್ತಿಗೆ ಕೊಟ್ಟರು. 2019ರ ಕೊನೆಗೆ 2,050 ಮೆಗಾವಾಟ್ ಸಾಮರ್ಥ್ಯದ ಪಾರ್ಕು ಪೂರ್ತಿಯಾಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ, ಬರ ಬಂದರೂ ಬರುವ ಆದಾಯ. ಆದರೆ ಜಮೀನು ಪೂರ್ತಿ ಕೊಟ್ಟ ಮನೆಯಲ್ಲಿ ನೇಗಿಲಿನ ಜೊತೆ ಮೈಗೆಲಸವೂ ನಿಂತಿತು. ಊಟದ ಮುದ್ದೆ ಮಾತ್ರ ಹಿಂದಿನ ಗಾತ್ರದ್ದೇ ಇದ್ದರೆ ಹೊಟ್ಟೆ ಮುಂದೆ ಬರುತ್ತದೆ.

ಇನ್ನು ವ್ಯಾಯಾಮಕ್ಕೆ ಹೊರಡುವ ಮುನ್ನ ಒಂದು ಪರೀಕ್ಷೆ ಮಾಡಿಕೊಳ್ಳಿ. ಇದಕ್ಕೆ ಕಾಸಿಲ್ಲ, ಈ ವಾಚನಾಲಯದ ಅಂಗಳದಲ್ಲೇ ಆಗುತ್ತದೆ. ನೆಟ್ಟಗೆ ನಿಂತು, ಮಂಡಿ ಮಡಿಸದೆ, ಬಗ್ಗಿ ಕಾಲ್ಬೆರಳು ಮುಟ್ಟಿ. ಎದ್ದು ನಿಂತು ಗದ್ದವನ್ನು ಎದೆಗೆ ತಾಗಿಸಿ. ಕೊನೆಗೆ ಎರಡು ಕೈಗಳನ್ನೂ ಪಕ್ಕಕ್ಕೆ ಚಾಚಿ, ಮೊಣಕೈ ಮಡಿಸಿ ತಲೆಯ ಹಿಂಭಾಗ ಮುಟ್ಟಿ. ಫ್ಲೋರೈಡ್ ನೀರಿನ ಸೀಮೆಗಳಲ್ಲಿ ಆರೋಗ್ಯ ಸಿಬ್ಬಂದಿ ಮಾಡಿಸಿ ನೋಡುವುದು ಈ ಮೂರನ್ನೇ. ಯಾವುದಾದರೊಂದು ಆಗದಿದ್ದರೆ, ಕತ್ತು ಬೆನ್ನು ಮರದ ಹಾಗೆ ಬಿಗಿದಿದ್ದರೆ, ಅದನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬೇಡಿ. ಇಂಥ ಹಿಡಿತಕ್ಕೆ ಬೇರೆ ಕಾರಣಗಳೂ ಇರುತ್ತವೆ, ಅದನ್ನು ವೈದ್ಯರೇ ಹೇಳಬೇಕು. ಆದರೆ ನಮ್ಮ ಸೀಮೆಯಲ್ಲಿ ಮೊದಲು ಸಂಶಯಪಡಬೇಕಾದದ್ದು ಬೋರಿನ ನೀರನ್ನು.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನದಂಡ. ಕಲ್ಲುಬಂಡೆಯ ಸಂದಿಯಲ್ಲಿ ಬಹುಕಾಲ ನಿಂತ ನೀರಿಗೆ ಬಂಡೆಯ ಫ್ಲೋರೈಡ್ ಇಳಿಯುತ್ತದೆ. ಪಾವಗಡ, ಶಿರಾ, ಮಧುಗಿರಿ ಕಡೆಯ ಹಲವು ಊರುಗಳಲ್ಲಿ ಇದು ಮಿತಿ ಮೀರಿದೆ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಕಂಡರೆ ಊರಿನ ನೀರಿನ ಬಗ್ಗೆ ಎಚ್ಚರವಾಗಿ. ನಮ್ಮ ದೇಶದಲ್ಲಿ ಈ ರೋಗವನ್ನು ವೈದ್ಯರು ಮೊದಲು ಬಣ್ಣಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಮೂಳೆ ಪೂರ್ತಿ ಬಿಗಿದ ಮೇಲೆ ಹಿಂದಕ್ಕೆ ತರುವ ಔಷಧಿ ಇಲ್ಲ. ಶುರುವಿನಲ್ಲೇ ನೀರು ಬದಲಿಸಿ, ಊಟ ಸರಿಪಡಿಸಿದರೆ ನೋವು ತಗ್ಗುತ್ತದೆ.

ಎಷ್ಟೋ ಮನೆಗಳಲ್ಲಿ ನೀರನ್ನು ಕುದಿಸಿ ಕುಡಿಯುತ್ತಾರೆ. ಕುದಿಸುವುದರಿಂದ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಹೆಚ್ಚೇ ಆಗುತ್ತದೆ. ಕುಡಿಯುವುದಕ್ಕಷ್ಟೇ ಅಲ್ಲ, ಮುದ್ದೆಯ ಎಸರಿಗೂ ಸಾರಿಗೂ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ. ತುಂಗಭದ್ರಾ ಹಿನ್ನೀರಿನಿಂದ ಪಾವಗಡಕ್ಕೆ ಕುಡಿಯುವ ನೀರು ತರುವ ಯೋಜನೆ 2025ರಲ್ಲಿ ಉದ್ಘಾಟನೆಯಾಯಿತು. ನಿಮ್ಮ ಊರಿನ ನಲ್ಲಿಗೆ ಆ ನೀರು ಬರುತ್ತಿದ್ದರೆ ಕುಡಿಯಲು ಬೋರಿನ ಆಸೆ ಬಿಡಿ. ತಾರಸಿಯಿಂದ ಹಿಡಿದ ಮಳೆನೀರಿನಲ್ಲೂ ಫ್ಲೋರೈಡ್ ತೀರಾ ಕಡಿಮೆ. ನಿಮ್ಮ ಬೋರಿನ ನೀರು ಎಂಥದು ಎಂದು ಪಂಚಾಯಿತಿಯಲ್ಲಿ ಕೇಳಿ ಪರೀಕ್ಷೆ ಮಾಡಿಸಿ. ಘಟಕದ ನೀರನ್ನೂ ಆಗಾಗ ಪರೀಕ್ಷಿಸಬೇಕು. ಒಳಗಿನ ಫಿಲ್ಟರು ಹಳತಾದರೆ ಐದು ರೂಪಾಯಿ ನಾಣ್ಯ ಹಾಕಿ ಬೋರಿನ ನೀರನ್ನೇ ಹಿಡಿದು ತಂದಂತಾದೀತು.

ಮೂರು ಪರೀಕ್ಷೆಯಲ್ಲೂ ಸಲೀಸಾಗಿ ಪಾರಾದಿರಾ? ಹಾಗಿದ್ದರೆ ನಡಿಗೆಯಿಂದ ಶುರುಮಾಡಿ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ದನದ ಹಿಂದೆ ನಿಂತು ನಿಂತು ಹೋಗುವ ನಡಿಗೆ ಲೆಕ್ಕಕ್ಕಿಲ್ಲ. ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು, ಅಷ್ಟು ಬಿರುಸು ಇರಲಿ. ಹೊಲ ಎರಡು ಕಿಲೋಮೀಟರ್ ದೂರವಿದ್ದರೆ ಬೈಕನ್ನು ಮನೆಯಲ್ಲೇ ಬಿಡಿ, ಅಲ್ಲಿಗೆ ಮುಗಿಯಿತು. ವಾರದಲ್ಲಿ ಎರಡು ದಿನ ಸ್ನಾಯುವಿಗೂ ಕೆಲಸ ಕೊಡಿ. ಕಟ್ಟೆಯ ಮೇಲೆ ಕೂತು, ಕೈ ಊರದೆ ಹತ್ತು ಸಲ ಏಳಿ. ಗೋಡೆಗೆ ಅಂಗೈ ಒತ್ತಿ ಹತ್ತು ಸಲ ಬಗ್ಗಿ ಏಳಿ. ಅಂಗಾತ ಮಲಗಿ, ಮಂಡಿ ಮಡಿಸಿ, ಸೊಂಟವನ್ನಷ್ಟೇ ಮೇಲೆತ್ತಿ ಐದೆಣಿಸಿ ಇಳಿಸಿ. ಯುಗಾದಿಯಿಂದ ಇದನ್ನು ಮಾಡಿಕೊಂಡು ಬಂದರೆ ಮುಂಗಾರಿನ ಕೆಲಸಕ್ಕೆ ಬೆನ್ನು ಸಿದ್ಧವಾಗಿರುತ್ತದೆ. ಮಧುಗಿರಿ ಬೆಟ್ಟವೋ ಸಿದ್ಧರಬೆಟ್ಟವೋ ಹತ್ತುವ ಹುಮ್ಮಸ್ಸಿದ್ದರೆ ಸಂತೋಷ. ಮಂಡಿ ನೋವಿರುವವರು ಮಾತ್ರ ಬೇಡ. ಹತ್ತುವುದಕ್ಕಿಂತ ಇಳಿಯುವಾಗ ಮಂಡಿಗೆ ಪೆಟ್ಟು ಜಾಸ್ತಿ. ನಡೆಯುವಾಗ ಎದೆ ಬಿಗಿದರೆ, ಎಡಗೈಗೆ ಗದ್ದಕ್ಕೆ ನೋವು ಹರಿದರೆ, ಅಲ್ಲೇ ನಿಂತು ತಡಮಾಡದೆ ಆಸ್ಪತ್ರೆ ಸೇರಿ. ಅದನ್ನು ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಕೂತವರನ್ನು ಕಂಡಿದ್ದೇನೆ.

ಪೊಲೀಸ್ ನೌಕರಿಯ ಆಸೆಯಿಂದ ನಸುಕಿನಲ್ಲಿ ರಸ್ತೆಯ ಅಂಚಿನಲ್ಲಿ ಓಡುವ ಹುಡುಗರಿಗೂ ಒಂದು ಮಾತು. ಕಾನ್‌ಸ್ಟೆಬಲ್ ಪರೀಕ್ಷೆಗೆ ಹುಡುಗರು 1,600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಅಂದರೆ 400 ಮೀಟರಿನ ಒಂದೊಂದು ಸುತ್ತಿಗೆ ಸುಮಾರು 97 ಸೆಕೆಂಡು. ಹುಡುಗಿಯರಿಗೆ 400 ಮೀಟರ್, ಎರಡು ನಿಮಿಷ. ಅರ್ಜಿ ಕರೆದ ಮೇಲೆ ಹದಿನೈದು ದಿನ ಪ್ರಾಣ ಬಿಟ್ಟು ಓಡಿದರೆ ಇದು ದಕ್ಕುವುದಿಲ್ಲ, ಮೊಣಕಾಲಿನ ಕೆಳಗಿನ ಮೂಳೆ ನೋಯುತ್ತದೆ ಅಷ್ಟೆ. ಮೂರು ತಿಂಗಳು ಇಟ್ಟುಕೊಳ್ಳಿ. ಮೊದಲ ಎರಡು ವಾರ ಬಿರುಸು ನಡಿಗೆ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಹತ್ತು ಸಲ; ವಾರವಾರಕ್ಕೆ ಓಟ ಹೆಚ್ಚಿಸಿ ನಡಿಗೆ ಇಳಿಸಿ. ಡಾಂಬರಿಗಿಂತ ಶಾಲೆಯ ಮೈದಾನ, ಕೆರೆ ಏರಿಯ ಮಣ್ಣು ದಾರಿ ಒಳ್ಳೆಯದು, ಲಾರಿಯ ಭಯವೂ ಇಲ್ಲ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸಿ. ಉಚ್ಚೆ ಗಾಢ ಹಳದಿಯಾದರೆ ನೀರು ಸಾಲದು ಎಂದರ್ಥ. ಓಡುವಾಗ ತಲೆ ಸುತ್ತಿ, ಮಾತು ತೊದಲಿದರೆ ನೆರಳಿಗೆ ಕರೆತಂದು ಮೈಗೆಲ್ಲ ತಣ್ಣೀರು ಸುರಿದು ಆಸ್ಪತ್ರೆಗೆ ಒಯ್ಯಬೇಕು. ಹೆಣ್ಣುಮಕ್ಕಳು ಓಟಕ್ಕೆ ಮುಂಚೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಏದುಸಿರಿಗೆ ಅಭ್ಯಾಸ ಸಾಲದಿರುವುದೇ ಕಾರಣವಾಗಿರಬೇಕಿಲ್ಲ.

ಊಟಕ್ಕೆ ಬರೋಣ. ಡಬ್ಬಿಯ ಪುಡಿ ಕೊಳ್ಳುವ ಅಗತ್ಯವಿಲ್ಲ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಮೀರಿ ಸುಣ್ಣದ ಅಂಶ ಇದೆ, ಅಕ್ಕಿ ಇದರ ಹತ್ತಿರಕ್ಕೂ ಬಾರದು. ಫ್ಲೋರೈಡ್ ಸೀಮೆಯವರಿಗೆ ಈ ಸುಣ್ಣದ ಅಂಶ ಇನ್ನೂ ಹೆಚ್ಚು ಬೇಕು. ಆದ್ದರಿಂದ ಮುದ್ದೆ ಬಿಟ್ಟು ಅನ್ನಕ್ಕೆ ಹೋಗಬೇಡಿ, ಡೇರಿಗೆ ಹಾಕುವ ಹಾಲಿನಲ್ಲಿ ಮನೆಯವರ ಪಾಲನ್ನೂ ತೆಗೆದಿಡಿ. ಹಾಗೆಂದು ಕೂತು ತಿನ್ನುವವರಿಗೆ ಮುದ್ದೆಯೂ ಮಿತಿ ಮೀರಬಾರದು. ಅದರಲ್ಲೂ ಮುಕ್ಕಾಲು ಪಾಲು ಪಿಷ್ಟವೇ. ಒಂದು ಮುದ್ದೆ ಕಡಿಮೆ ಮಾಡಿ, ಆ ಜಾಗಕ್ಕೆ ಹುರಳಿ ಬಸ್ಸಾರಿನ ಕಾಳು, ನುಗ್ಗೆ ಸೊಪ್ಪು, ಒಂದು ಮೊಟ್ಟೆ ಸೇರಿಸಿ. ಹುರಳಿಯಲ್ಲಿ ನೂರಕ್ಕೆ 22 ಪಾಲು ಸಸಾರಜನಕ ಇದೆ. ಎತ್ತಿಗೆ ಬೇಯಿಸಿ ಹಾಕಿ ಬಲ ಬರಿಸುವ ಕಾಳನ್ನು ಮನೆಯ ಮಕ್ಕಳು ಬಡವರ ಊಟವೆಂದು ಮೂಗು ಮುರಿಯುತ್ತಾರೆ. ಊಟದ ಜೊತೆ ನಿಂಬೆ, ನೆಲ್ಲಿ, ಸೀಬೆ ಇರಲಿ, ಕಬ್ಬಿಣದ ಅಂಶ ಮೈಗೆ ಹತ್ತುತ್ತದೆ. ಟೀ ಊಟದ ಹತ್ತಿರ ಬೇಡ, ಅದರಲ್ಲಿ ಫ್ಲೋರೈಡ್ ಕೂಡ ಇದೆ. ಹುಣಸೆಯ ಬಗ್ಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ: ಶಾಲಾ ಬಾಲಕರಿಗೆ ದಿನಕ್ಕೆ 10 ಗ್ರಾಂ ಹುಣಸೆ ಕೊಟ್ಟಾಗ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚಾಗಿ ಹೊರಹೋಯಿತು. ಇದನ್ನು ಔಷಧಿ ಎನ್ನಲಾಗದು, ನೀರು ಬದಲಿಸದೆ ಹುಣಸೆ ನಂಬುವಂತಿಲ್ಲ. ಸಾರಿಗೆ ಹಾಕುವುದನ್ನು ನಿಲ್ಲಿಸಬೇಡಿ, ಅಷ್ಟು ಸಾಕು.

ಕೊನೆಯದಾಗಿ ಕಡಲೆಕಾಯಿ. ಬೆಳೆದದ್ದನ್ನೆಲ್ಲ ಮಂಡಿಗೆ ಸಾಗಿಸಿ, ಮಕ್ಕಳಿಗೆ ಅಂಗಡಿಯ ಬಿಸ್ಕತ್ತು ತರುವ ಪದ್ಧತಿ ಬಂದುಬಿಟ್ಟಿದೆ. ನಾಲ್ಕು ಜನರ ಮನೆಗೆ ದಿನಕ್ಕೊಂದು ಹಿಡಿಯಂತೆ ಲೆಕ್ಕ ಹಾಕಿ ವರ್ಷಕ್ಕೆ ಬೇಕಾಗುವಷ್ಟು ಕಾಯಿ ತೆಗೆದಿಡಿ. ಒಂದು ಹಿಡಿ ಬೀಜದಲ್ಲಿ ಸುಮಾರು ಏಳು ಗ್ರಾಂ ಸಸಾರಜನಕ ಇರುತ್ತದೆ. ಓಡಿ ಬಂದ ಹುಡುಗನಿಗೆ ಬೇಯಿಸಿದ ಕಾಯಿ, ತುಂಡು ಬೆಲ್ಲ, ಒಂದು ಲೋಟ ಮಜ್ಜಿಗೆ ಕೊಡಿ. ಕಾಯಿಯನ್ನು ಸಿಪ್ಪೆಯಲ್ಲೇ ಚೆನ್ನಾಗಿ ಒಣಗಿಸಿ, ಅಲ್ಲಾಡಿಸಿದರೆ ಗಲಗಲ ಎನ್ನುವ ಹದಕ್ಕೆ ಬಂದ ಮೇಲೆ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ. ಬೂಷ್ಟು ಹಿಡಿದ, ಸುಕ್ಕಾದ, ಕಹಿ ಬಂದ ಬೀಜದಲ್ಲಿ ಈಲಿಗೆ ಕೇಡು ಮಾಡುವ ವಿಷ ಸೇರಿರುತ್ತದೆ. ಅದನ್ನು ಹುರಿದು ತಿನ್ನುವುದೂ ಬೇಡ, ಹಿಂಡಿಗೆ ಬೆರೆಸಿ ಕರೆಯುವ ಹಸುವಿಗೆ ಹಾಕುವುದೂ ಬೇಡ. ವಿಷ ಹಾಲಿಗೂ ಇಳಿಯುತ್ತದೆ.