ಕರುಳಿನ ಉರಿಯೂತ: ಲಕ್ಷಣವೊಂದೇ, ವ್ಯಾಧಿಗಳು ಬೇರೆ

ತಿಂಗಳುಗಟ್ಟಲೆ ಬಿಡದ ಭೇದಿ, ಹೊಟ್ಟೆನೋವು, ಮಲದೊಡನೆ ರಕ್ತ, ದಿನೇ ದಿನೇ ಸೊರಗುವ ಮೈ—ಈ ಲಕ್ಷಣಗಳನ್ನು ಹೊತ್ತು ಇಬ್ಬರು ರೋಗಿಗಳು ವೈದ್ಯರ ಬಳಿಗೆ ಬಂದರೆನ್ನೋಣ. ಇಬ್ಬರ ಕಾಯಿಲೆಯೂ ಒಂದೇ ಎಂದು ತೋರುವುದು ಸಹಜ. ಆದರೆ ಒಬ್ಬನಿಗೆ ಹಿತವಾದ ಔಷಧವು ಇನ್ನೊಬ್ಬನ ಪ್ರಾಣಕ್ಕೇ ಸಂಚಕಾರ ತರಬಹುದು. ಆದುದರಿಂದ ಇಲ್ಲಿ ಚಿಕಿತ್ಸೆಗಿಂತ ಮೊದಲು ವ್ಯಾಧಿಯ ನಿಜವಾದ ಹೆಸರನ್ನು ಕಂಡುಹಿಡಿಯಬೇಕಾಗುತ್ತದೆ.

ಕರುಳಿನ ದೀರ್ಘಕಾಲದ ಉರಿಯೂತಗಳಲ್ಲಿ ಮುಖ್ಯವಾದವು ಎರಡು. ಅಲ್ಸರೇಟಿವ್ ಕೊಲೈಟಿಸ್ ಎಂಬ ಹೆಸರು 1859ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ವಿಲ್ಕ್ಸ್ ಅವರ ಬರಹದಿಂದ ಬಳಕೆಗೆ ಬಂದಿತು. ಎರಡನೆಯದನ್ನು 1932ರಲ್ಲಿ ನ್ಯೂಯಾರ್ಕಿನ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ ಎಂಬ ಮೂವರು ವೈದ್ಯರು ವರ್ಣಿಸಿದರು. ಅದು ಸಣ್ಣ ಕರುಳಿನ ತುದಿಗೆ ಮಾತ್ರ ಸಂಬಂಧಿಸಿದುದೆಂದು ಆಗ ಭಾವಿಸಲಾಗಿತ್ತು. 1960ರಲ್ಲಿ ಲಂಡನ್ನಿನ ಲಾಕ್‌ಹಾರ್ಟ್-ಮಮ್ಮರಿ ಮತ್ತು ಮಾರ್ಸನ್ ಅವರು, ಕ್ರೋನ್ ವ್ಯಾಧಿಯು ದೊಡ್ಡ ಕರುಳನ್ನೂ ಹಿಡಿಯಬಲ್ಲುದೆಂದು ತೋರಿಸಿಕೊಟ್ಟರು. ರೋಗ ನೆಲಸಿದ ಜಾಗವೊಂದರಿಂದಲೇ ಅದರ ಹೆಸರನ್ನು ನಿರ್ಣಯಿಸಲಾಗದೆಂಬುದು ಇದರಿಂದ ಸ್ಪಷ್ಟವಾಯಿತು.

ಹಾಗಾದರೆ ಇವೆರಡನ್ನು ಬೇರ್ಪಡಿಸುವುದು ಹೇಗೆ? ಉರಿಯೂತದ ಹರವನ್ನೂ ಆಳವನ್ನೂ ನೋಡಬೇಕು. ಕೊಲೈಟಿಸ್ ಸಾಮಾನ್ಯವಾಗಿ ಗುದನಾಳದಿಂದ ಮೊದಲಾಗಿ, ನಡುವೆ ಎಡೆಬಿಡದೆ ದೊಡ್ಡ ಕರುಳಿನಲ್ಲಿ ಮೇಲೇರುತ್ತದೆ. ಬಹುಮಟ್ಟಿಗೆ ಒಳಗಿನ ಲೋಳೆಪೊರೆಯನ್ನಷ್ಟೇ ಸುಡುತ್ತದೆ. ಕ್ರೋನ್ ವ್ಯಾಧಿಯಾದರೋ ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು. ಅಲ್ಲಲ್ಲಿ ಆರೋಗ್ಯವಾದ ಭಾಗವನ್ನು ಬಿಟ್ಟು ಹಾರಿ ಹಾರಿ ಹಬ್ಬುತ್ತದೆ; ಕರುಳಿನ ಗೋಡೆಯನ್ನು ಪೂರ್ತಿಯಾಗಿ ಹೊಕ್ಕು, ದಾರಿಯನ್ನು ಕಿರಿದುಗೊಳಿಸುತ್ತದೆ ಅಥವಾ ನೆರೆಯ ಅಂಗಕ್ಕೆ ರಂಧ್ರ ಕೊರೆಯುತ್ತದೆ. ದೊಡ್ಡ ಕರುಳನ್ನೂ ಗುದನಾಳವನ್ನೂ ಸಂಪೂರ್ಣವಾಗಿ ತೆಗೆದರೆ ಕೊಲೈಟಿಸ್ಸಿಗೆ ನೆಲೆಯೇ ಇಲ್ಲವಾಗುತ್ತದೆ. ಕ್ರೋನ್ ವ್ಯಾಧಿ ಮಾತ್ರ ಕತ್ತರಿಸಿ ಹೊಲಿದ ಜಾಗದ ಬಳಿಯಲ್ಲೇ ಮರಳಿ ತಲೆಯೆತ್ತುವುದುಂಟು.

ಇದನ್ನೆಲ್ಲ ಬದುಕಿರುವ ಮನುಷ್ಯನಲ್ಲಿ ಕಾಣಲು ನೆರವಾದುದು ಭೌತಶಾಸ್ತ್ರದ ಹಳೆಯ ಪಾಠವೊಂದು. ಗಾಜಿನ ಎಳೆಯೊಳಗೆ ಸಾಕಷ್ಟು ಓರೆಯಾಗಿ ಬಿದ್ದ ಬೆಳಕು ಹೊರಬೀಳದೆ, ಪೂರ್ಣವಾಗಿ ಒಳಕ್ಕೇ ಪ್ರತಿಫಲಿಸುತ್ತ ಮುಂದೆ ಸಾಗುತ್ತದೆ. ಎಳೆ ಬಾಗಿದರೆ ಬೆಳಕೂ ಬಾಗಿದಂತಾಗುತ್ತದೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಮತ್ತು ಹೆರಾಲ್ಡ್ ಹಾಪ್ಕಿನ್ಸ್ ಇಂತಹ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿದ ವಿವರ 1954ರಲ್ಲಿ ಪ್ರಕಟವಾಯಿತು. ಬಾಗುವ ಅಂತರ್ದರ್ಶಕಗಳು ಹುಟ್ಟಿದ್ದು ಈ ಹಾದಿಯಲ್ಲಿ. ಇಂದಿನ ಕೊಳವೆಯ ತುದಿಯಲ್ಲಿ ಪುಟ್ಟ ಕ್ಯಾಮೆರಾವೇ ಇರುತ್ತದೆ. ಪರೀಕ್ಷೆಗೆಂದು ಕರುಳಿನ ಚೂರನ್ನೂ ಅದರ ಮೂಲಕ ತೆಗೆಯಬಹುದು.

ನಮ್ಮ ದೇಶದಲ್ಲಿ ಇನ್ನೊಂದು ತೊಡಕುಂಟು. ಕರುಳಿನ ಕ್ಷಯವು ಕ್ರೋನ್ ವ್ಯಾಧಿಯನ್ನು ತದ್ವತ್ತಾಗಿ ಹೋಲುತ್ತದೆ. ಎರಡೂ ಹೆಚ್ಚಾಗಿ ಸಣ್ಣ ಕರುಳು ದೊಡ್ಡ ಕರುಳನ್ನು ಕೂಡುವೆಡೆಯಲ್ಲೇ ನೆಲಸುತ್ತವೆ. ಕ್ಷಯದ ಹುಣ್ಣು ಸಾಮಾನ್ಯವಾಗಿ ಕರುಳಿಗೆ ಅಡ್ಡಲಾಗಿಯೂ ಕ್ರೋನ್ ಹುಣ್ಣು ಉದ್ದುದ್ದವಾಗಿಯೂ ಇರುವುದುಂಟು. ಕ್ಷಯಾಣುವೇ ಸಿಕ್ಕಿದರೆ ಸಂದೇಹ ಪರಿಹಾರವಾಗುತ್ತದೆ. ಆದರೆ ಅದು ಎಷ್ಟೋ ವೇಳೆ ಸಿಕ್ಕುವುದಿಲ್ಲ. ಕ್ರೋನ್ ವ್ಯಾಧಿಯಲ್ಲಿ ಶರೀರದ ರಕ್ಷಣಾ ವ್ಯವಸ್ಥೆಯೇ ಕೆರಳಿರುವುದರಿಂದ ಅದನ್ನು ಅಡಗಿಸುವ ಸ್ಟೀರಾಯ್ಡ್ ಮೊದಲಾದ ಔಷಧಗಳನ್ನು ಕೊಡುತ್ತಾರೆ. ಅವನ್ನೇ ಕ್ಷಯರೋಗಿಗೆ ಕೊಟ್ಟರೆ, ಕಾವಲುಗಾರನನ್ನು ಮಲಗಿಸಿ ಕಳ್ಳನಿಗೆ ಬಾಗಿಲು ತೆರೆದಂತೆ!

ಆದುದರಿಂದ ಸಂದೇಹ ಉಳಿದಲ್ಲಿ ವೈದ್ಯರು ಕೆಲವೊಮ್ಮೆ ಮೊದಲು ಕ್ಷಯದ ಔಷಧವನ್ನೇ ಕೊಟ್ಟು, ಎರಡು ಮೂರು ತಿಂಗಳ ಬಳಿಕ ಕರುಳನ್ನು ಮತ್ತೆ ಪರೀಕ್ಷಿಸುತ್ತಾರೆ. ಹುಣ್ಣು ಮಾಯ್ದಿದ್ದರೆ ಅದು ಕ್ಷಯವೆಂಬುದಕ್ಕೆ ಬಲ ಬರುತ್ತದೆ. ಮಾಯದಿದ್ದರೆ ಕ್ರೋನ್ ವ್ಯಾಧಿಯ ಕಡೆಗೆ ತಿರುಗಬೇಕು. ಈ ಕಾಯುವಿಕೆಯೂ ನಿರಪಾಯಕರವಲ್ಲ; ಅಷ್ಟರಲ್ಲಿ ಕ್ರೋನ್ ವ್ಯಾಧಿಯು ಕರುಳಿನ ದಾರಿಯನ್ನು ಕಟ್ಟಿಬಿಡಬಹುದು. ಬಿಡದ ಭೇದಿಯನ್ನೂ ರಕ್ತಸ್ರಾವವನ್ನೂ ಮನೆಮದ್ದಿನಿಂದ ತಿಂಗಳುಗಟ್ಟಲೆ ತಳ್ಳಿಹಾಕುವುದು ಸಲ್ಲದು. ಬೇಗನೆ ಬಂದ ರೋಗಿಯಲ್ಲಿ ಹೆಸರನ್ನು ನಿರ್ಣಯಿಸಲು ವೈದ್ಯರಿಗೆ ಕಾಲಾವಕಾಶ ದೊರೆಯುತ್ತದೆ. ಹೆಸರು ಸರಿಯಾದರೆ ಮದ್ದೂ ಸರಿಯಾದೀತು.