ಗಾಜಿನ ಕೆರೆಗೂ ಒಂದು ಕೋಡಿ ಬೇಕು!

ರಾತ್ರಿ ಅಂಗಡಿಗೆ ಬೀಗ ಹಾಕುವಾಗ ಎಲ್ಲ ಸರಿಯಾಗಿತ್ತು. ಗಲ್ಲಾ ಪಕ್ಕದ ಗಾಜಿನ ತೊಟ್ಟಿಯಲ್ಲಿ ಮೀನುಗಳು ಬಾಲ ಆಡಿಸುತ್ತಿದ್ದವು. ಬೆಳಿಗ್ಗೆ ಷಟರ್ ಎತ್ತಿದರೆ ನೆಲವೆಲ್ಲ ನೀರು! ಕೆಳಗಿಟ್ಟ ಬಟ್ಟೆ ಗಂಟು ಒದ್ದೆಮುದ್ದೆ. ತೊಟ್ಟಿ ಮುಕ್ಕಾಲು ಖಾಲಿ. ಕಳ್ಳ ಬಂದಿರಲಿಲ್ಲ; ಕರೆಂಟು ಹೋಗಿತ್ತು, ಅಷ್ಟೆ.

ಮೀನು ಸಾಕುವವರಿಗೆ ಈ ಕಥೆ ಹೊಸದಲ್ಲ. ನೀರು ಬೇಗ ಕೊಳೆಯದಿರಲೆಂದು ತೊಟ್ಟಿಯ ಕೆಳಗೆ ಒಂದು ಪ್ಲಾಸ್ಟಿಕ್ ಟಬ್ ಇಡುತ್ತಾರೆ. ಮೇಲಿನ ನೀರು ಇಳಿದು, ಸ್ಪಂಜು-ಜಲ್ಲಿಯಲ್ಲಿ ಸೋಸಿ, ಸಣ್ಣ ಮೋಟಾರಿನಿಂದ ಮತ್ತೆ ಮೇಲಕ್ಕೆ. ಏರಿಸುವುದನ್ನು ಮೋಟಾರು ನೋಡಿಕೊಳ್ಳುತ್ತೆ. ಇಳಿಸುವುದನ್ನು? ಅಲ್ಲೇ ಇರೋದು ಮರ್ಮ.

ಊರ ಕೆರೆಗೆ ಹಿರಿಯರು ಕೋಡಿ ಇಟ್ಟದ್ದು ಯಾಕೆ? ಮಟ್ಟ ಮೀರಿದ ನೀರು ಏರಿ ಒಡೆಯದೆ ಹರಿದುಹೋಗಲಿ, ಉಳಿದದ್ದು ಕೆರೆಯಲ್ಲೇ ನಿಲ್ಲಲಿ ಅಂತ. ಗಾಜಿನ ತೊಟ್ಟಿಗೂ ಬೇಕಾದ್ದು ಅದೇ.

ಗಾಜಿಗೆ ತೂತು ಕೊರೆಯಲು ಹೋಗಬೇಡಿ. ಟಫನ್ಡ್ ಗಾಜಾದರೆ ಕೊರೆದ ಕ್ಷಣವೇ ಪುಡಿಪುಡಿ. ಪಿವಿಸಿ ಪೈಪು, ಕೆಲವು ಎಲ್ಬೋ, ಒಂದು ಟೀ ಇದ್ದರೆ ಸಾಕು. ಪೈಪು ತೊಟ್ಟಿಯ ನೀರಿನೊಳಗಿಂದ ಎದ್ದು, ಅಂಚು ದಾಟಿ, ಹೊರಗೆ ಕೆಳಗಿಳಿದು, ತಿರುಗಿ ಮತ್ತೆ ಮೇಲೇರಬೇಕು. ಅಲ್ಲಿ ಟೀ. ಟೀ ಬಾಯಿ ಮೇಲೆ ತೆರೆದಿರಲಿ, ಪಕ್ಕದಿಂದ ಟಬ್ಬಿಗೆ ಪೈಪು ಇಳಿಯಲಿ. ಟೀ ಇರುವ ಎತ್ತರವೇ ಕೋಡಿಯ ಮಟ್ಟ. ತೊಟ್ಟಿಯೊಳಗಿನ ಪೈಪಿನ ಬಾಯಿ ಈ ಮಟ್ಟಕ್ಕಿಂತ ಕೆಳಗೇ ಇರಬೇಕು. ಮೊದಲ ಸಲ ಗಾಳಿಯನ್ನೆಲ್ಲ ಹೀರಿ ತೆಗೆದು ಪೈಪಿನಲ್ಲಿ ನೀರು ತುಂಬಿದರಾಯ್ತು. ಕರೆಂಟು ಹೋದಾಗ ನೀರು ಟೀ ಮಟ್ಟಕ್ಕೆ ಇಳಿದು ನಿಲ್ಲುತ್ತೆ. ಪೈಪು ತುಂಬಿಯೇ ಇರುತ್ತೆ. ಕರೆಂಟು ಬಂದರೆ ಹರಿವು ತಾನೇ ಶುರು.

ಹಾಗಾದರೆ ಗಂಟು ನೆನೆದದ್ದು ಹೇಗೆ? ಮೋಟಾರಿನ ಪೈಪಿನಿಂದ! ಮೋಟಾರು ನಿಂತರೆ ನೀರು ಬಂದ ದಾರಿಯಲ್ಲೇ ವಾಪಸ್ಸು. 60 ಸೆಂಟಿಮೀಟರ್ ಉದ್ದ, 30 ಅಗಲದ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ನೀರೆಂದರೆ 1.8 ಲೀಟರ್. ಪೈಪಿನ ತುದಿ 20 ಸೆಂಟಿಮೀಟರ್ ಆಳದಲ್ಲಿದ್ದರೆ 36 ಲೀಟರ್ ಇಳಿಯುತ್ತೆ. ಟಬ್ಬಿನಲ್ಲಿ ಅಷ್ಟು ಜಾಗ ಎಲ್ಲಿ ಬರಬೇಕು ಸ್ವಾಮಿ? ಪರಿಹಾರ ಕಾಸಿಲ್ಲದ್ದು: ಆ ಪೈಪಿಗೆ ನೀರಿನ ಮಟ್ಟದಿಂದ ಒಂದು ಸೆಂಟಿಮೀಟರ್ ಕೆಳಗೆ ಸಣ್ಣ ತೂತು. ನೀರು ಅಲ್ಲಿಗಿಳಿದ ಕೂಡಲೇ ಗಾಳಿ ನುಗ್ಗಿ ಹರಿವು ಕಡಿಯುತ್ತೆ. ತೂತಿಗೆ ಪಾಚಿ ಕಟ್ಟದಂತೆ ಆಗಾಗ ಚುಚ್ಚಿ ನೋಡಬೇಕು. ಟಬ್ಬಿನಲ್ಲೂ ಐದಾರು ಲೀಟರ್ ಜಾಗ ಖಾಲಿ ಇರಲಿ.

ಇನ್ನೊಂದು ಅಪಾಯ ತಿರುಗುಮುರುಗು. ದಿನ ಕಳೆದಂತೆ ಕೋಡಿ ಪೈಪಿನ ನೆತ್ತಿಯಲ್ಲಿ ಗಾಳಿಗುಳ್ಳೆ ಕೂಡಿಕೊಂಡು ಹರಿವು ನಿಲ್ಲಬಹುದು. ಮೋಟಾರಿಗೆ ಅದು ಗೊತ್ತಾಗುತ್ಯೇ? ಅದರ ಪಾಡಿಗೆ ಅದು ಏರಿಸುತ್ತಲೇ ಇರುತ್ತೆ. ತೊಟ್ಟಿ ತುಂಬಿ ಸುರಿಯುತ್ತೆ. ಮೇಲೆ ನಾಲ್ಕು ಸೆಂಟಿಮೀಟರ್ ಖಾಲಿ ಇದ್ದರೆ ಹಿಡಿಸುವುದು 7 ಲೀಟರ್ ಚಿಲ್ಲರೆ. ಮೋಟಾರನ್ನು ಟಬ್ಬಿನಲ್ಲಿ ಎತ್ತರಿಸಿ ಇಟ್ಟು, ಅದಕ್ಕಿಂತ ಹೆಚ್ಚು ನೀರು ಸಿಗದಂತೆ ಮಾಡಬೇಕು. ಒಣಗಿದ ಮೋಟಾರು ಸುಟ್ಟೀತು, ನಿಜ. ಆದರೆ ಅಂಗಡಿ ಮುಳುಗೋದಿಲ್ಲ.

ವೈರು ಸ್ವಿಚ್ಚಿಗೆ ನೇರ ಹೋಗದೆ ಒಮ್ಮೆ ಕೆಳಗೆ ಜೋತು ಮೇಲೇರಲಿ. ಜಾರಿದ ಹನಿ ಅಲ್ಲೇ ತೊಟ್ಟಿಕ್ಕುತ್ತೆ. ನೀರಿಗೆ ಕೈ ಹಾಕುವ ಮೊದಲು ಪ್ಲಗ್ಗು ಕೀಳಬೇಕು.

ಮೀನು ಬಿಡುವ ಮುಂಚೆ, ಹಗಲು ಹೊತ್ತಿನಲ್ಲಿ, ಎದುರಿಗೆ ನಿಂತು ಎರಡು ಪರೀಕ್ಷೆ ಮಾಡಿ. ಒಂದು, ಪ್ಲಗ್ಗು ಕಿತ್ತು ಟಬ್ಬು ನೋಡಿ. ಎರಡು, ಕೋಡಿ ಪೈಪು ಮುಚ್ಚಿ ತೊಟ್ಟಿ ನೋಡಿ. ಎರಡರಲ್ಲೂ ನೆಲ ಒಣಗಿದ್ದರೆ ಗೆದ್ದಿರಿ. ಕೋಡಿಯ ಯೋಗ್ಯತೆ ತಿಳಿಯೋದು ಮಳೆ ಬಂದ ಮೇಲಲ್ಲವೇ? ಇಲ್ಲಿ ಮಳೆಯನ್ನು ನೀವೇ ತರಿಸಿ ನೋಡಬಹುದು, ಗಂಟು ನೆನೆಯುವ ಮೊದಲೇ!